ಆಕಾಶದ ಒಗಟಿಗೆ ಹಳೆಯ ಕ್ಯಾಮೆರಾದ ಸಾಕ್ಷ್ಯ

1952ರ ಜುಲೈ 2ರ ಬೆಳಿಗ್ಗೆ. ಅಮೆರಿಕದ ಯೂಟಾ ರಾಜ್ಯದ ಟ್ರಿಮಾಂಟನ್ ಪಟ್ಟಣದ ಬಳಿ ಹೆದ್ದಾರಿಯಲ್ಲಿ ಕಾರೊಂದು ಸಾಗುತ್ತಿತ್ತು. ಅದರಲ್ಲಿದ್ದವರು ಅಮೆರಿಕದ ನೌಕಾದಳದ ಛಾಯಾಗ್ರಾಹಕ ಅಧಿಕಾರಿ ಡೆಲ್ಬರ್ಟ್ ನ್ಯೂಹೌಸ್, ಅವರ ಪತ್ನಿ ಮತ್ತು ಇಬ್ಬರು ಮಕ್ಕಳು. ಶುಭ್ರವಾದ ನೀಲಿ ಆಕಾಶದಲ್ಲಿ ಹನ್ನೆರಡರಷ್ಟು ಬೆಳ್ಳನೆಯ ವಸ್ತುಗಳು ಗುಂಪಾಗಿ ಸುಳಿದಾಡುತ್ತಿರುವುದು ಅವರ ಕಣ್ಣಿಗೆ ಬಿತ್ತು. ನ್ಯೂಹೌಸ್ ಕಾರು ನಿಲ್ಲಿಸಿ, ಸಾಮಾನಿನ ನಡುವೆ ಇದ್ದ 16 ಮಿಲಿಮೀಟರ್ ಚಲನಚಿತ್ರ ಕ್ಯಾಮೆರಾವನ್ನು ಹೊರತೆಗೆದು ಸುಮಾರು 1,200 ಚೌಕಟ್ಟುಗಳಷ್ಟು ಬಣ್ಣದ ಫಿಲ್ಮ್ ತೆಗೆದರು. ಸೆಕೆಂಡಿಗೆ 16 ಚೌಕಟ್ಟಿನ ಲೆಕ್ಕದಲ್ಲಿ ಅದು 75 ಸೆಕೆಂಡುಗಳ ಚಿತ್ರ.

ನೋಡಿದವರು ವೃತ್ತಿನಿರತ ಛಾಯಾಗ್ರಾಹಕರು. ಕ್ಯಾಮೆರಾ ಒಳ್ಳೆಯದು, ಬೆಳಕು ಧಾರಾಳ. ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೇ? ನೌಕಾದಳದ ಪ್ರಯೋಗಾಲಯ ಆ ಫಿಲ್ಮಿನ ಮೇಲೆ ಸುಮಾರು ಸಾವಿರ ಗಂಟೆಗಳ ಶ್ರಮ ಸುರಿಯಿತು. ಅವು ಸ್ವಯಂಪ್ರಕಾಶವುಳ್ಳ ವಸ್ತುಗಳು ಎಂದು ಅಲ್ಲಿನ ತಜ್ಞರು ಹೇಳಿದರು. 1953ರ ಜನವರಿಯಲ್ಲಿ ಅದೇ ಫಿಲ್ಮನ್ನು ನೋಡಿದ ರಾಬರ್ಟ್‌ಸನ್ ವಿಜ್ಞಾನಿ ಸಮಿತಿ ಮಾತ್ರ, ಬಿಸಿಲಿಗೆ ಹೊಳೆಯುವ ಕಡಲಹಕ್ಕಿಗಳ ಹಿಂಡು ಇರಬೇಕು ಎಂಬ ಅಭಿಪ್ರಾಯಕ್ಕೆ ಬಂತು. ಒಂದೇ ಫಿಲ್ಮು, ಎರಡು ತೀರ್ಪು.

ಇಲ್ಲಿ ಕೊರತೆಯಾದದ್ದು ಚಿತ್ರವಲ್ಲ, ಅಳತೆ. ಆಕಾಶದಲ್ಲಿ ಕಾಣುವ ವಿಚಿತ್ರ ವಸ್ತುಗಳನ್ನು ಸೆರೆಹಿಡಿಯಲು ಯಾವ ಕ್ಯಾಮೆರಾ ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಈ ಮಾತಿನಿಂದಲೇ ಆರಂಭಿಸಬೇಕು. ಅಂಗೈಯಲ್ಲೇ ಪ್ರಬಲ ಕ್ಯಾಮೆರಾ ಇರುವ ಈ ಕಾಲದಲ್ಲೂ ಕೆಲವರು ಹಳೆಯ ಉಪಕರಣಗಳತ್ತ ಮುಖ ಮಾಡುವುದರ ಹಿಂದಿನ ತರ್ಕವೂ ಇದೇ.

ಗಾತ್ರ ಮತ್ತು ದೂರದ ತಕರಾರು

ಒಂದು ಕಿಲೋಮೀಟರ್ ದೂರದಲ್ಲಿ ಹಾರುವ, ಒಂದು ಮೀಟರ್ ಅಗಲ ರೆಕ್ಕೆಯ ಹಕ್ಕಿ ಮತ್ತು ಹತ್ತು ಕಿಲೋಮೀಟರ್ ದೂರದಲ್ಲಿರುವ ಹತ್ತು ಮೀಟರ್ ಅಗಲದ ವಿಮಾನ, ಇವೆರಡೂ ಕ್ಯಾಮೆರಾದ ಕಣ್ಣಿಗೆ ಒಂದೇ ಗಾತ್ರ. ಯಾವುದೇ ಮಸೂರಕ್ಕೆ ತಿಳಿಯುವುದು ಕೋನ ಮಾತ್ರ. ದೂರ ಗೊತ್ತಿಲ್ಲದೆ ಗಾತ್ರ ಹೇಳಲಾಗದು. ಗಾತ್ರ ಮತ್ತು ದೂರ ಎರಡೂ ತಿಳಿಯದೆ ವೇಗ ಹೇಳಲಾಗದು. 'ಗಂಟೆಗೆ ಸಾವಿರಾರು ಮೈಲಿ ವೇಗದಲ್ಲಿ ಹೋಯಿತು' ಎಂಬ ಹೇಳಿಕೆಗಳಲ್ಲಿ ಬಹುಪಾಲು ಈ ಒಂದು ಕಾರಣಕ್ಕೇ ಬಿದ್ದುಹೋಗುತ್ತವೆ.

ಆದರೆ ಕೋನವನ್ನಾದರೂ ನಿಖರವಾಗಿ ಅಳೆಯಬಹುದಲ್ಲ? ಅದಕ್ಕೆ ಮಸೂರದ ಸಂಗಮದೂರ ಗೊತ್ತಿರಬೇಕು. ಚಂದ್ರನ ಅಗಲ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ. 50 ಮಿಲಿಮೀಟರ್ ಮಸೂರದ ಹಿಂದೆ ಫಿಲ್ಮಿನ ಮೇಲೆ ಬೀಳುವ ಚಂದ್ರಬಿಂಬದ ಅಗಲ ಅರ್ಧ ಮಿಲಿಮೀಟರಿಗಿಂತಲೂ ತುಸು ಕಡಿಮೆ. ಹತ್ತು ಮಿಲಿಮೀಟರಿನಷ್ಟು ಅಗಲವಿರುವ 16 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿನಲ್ಲಿ, 75 ಮಿಲಿಮೀಟರ್ ಮಸೂರ ಹಾಕಿದರೂ ಚಂದ್ರ ಆಕ್ರಮಿಸುವುದು ಅಗಲದ ಹದಿನೈದನೇ ಒಂದು ಭಾಗವನ್ನು. ಹಾರುವ ತಟ್ಟೆಯ ಚಿತ್ರಗಳಲ್ಲಿ ಚುಕ್ಕೆಯಷ್ಟೇ ಕಾಣುವುದೇಕೆ ಎಂಬುದಕ್ಕೆ ಇದೇ ವಿವರಣೆ. ಚುಕ್ಕೆಯಾದರೂ ಪರವಾಗಿಲ್ಲ, ಅದು ಎಷ್ಟು ಕೋನದ ಚುಕ್ಕೆ ಎಂದು ಹೇಳಬಲ್ಲ ಕ್ಯಾಮೆರಾ ಬೇಕು. ಸಂಗಮದೂರ ಬದಲಾಗದ ಹಳೆಯ ಮಸೂರಗಳಲ್ಲಿ ಆ ಸಂಖ್ಯೆಯನ್ನು ಲೋಹದ ಬಳೆಯ ಮೇಲೆಯೇ ಕೆತ್ತಿರುತ್ತಾರೆ. ಜೂಮ್ ಮಸೂರದಲ್ಲಿ ಆ ಕ್ಷಣದಲ್ಲಿ ಅದು ಎಷ್ಟಿತ್ತು ಎಂಬುದು ಚಿತ್ರ ತೆಗೆದವರ ನೆನಪಿಗೆ ಬಿಟ್ಟ ವಿಷಯವಾಗುತ್ತದೆ.

ಕೋನದ ಜತೆಗೆ ದಿಕ್ಕೂ ಬೇಕು. ಟ್ರಿಮಾಂಟನ್ ಚಿತ್ರದಲ್ಲಿ ಖಾಲಿ ಆಕಾಶವೊಂದೇ ಇದ್ದದ್ದರಿಂದ ದಿಕ್ಕನ್ನು ಗೊತ್ತುಮಾಡಲು ಆಧಾರವೇ ಇರಲಿಲ್ಲ. 1950ರ ಆಗಸ್ಟ್‌ನಲ್ಲಿ ಮಾಂಟಾನಾ ರಾಜ್ಯದ ಗ್ರೇಟ್ ಫಾಲ್ಸ್‌ನಲ್ಲಿ ಬೇಸ್‌ಬಾಲ್ ತಂಡವೊಂದರ ವ್ಯವಸ್ಥಾಪಕ ನಿಕ್ ಮರಿಯಾನಾ ತೆಗೆದ 16 ಮಿಲಿಮೀಟರ್ ಫಿಲ್ಮಿನಲ್ಲಾದರೋ ಎರಡು ಬೆಳಕಿನ ಬಿಂದುಗಳು ನೀರಿನ ಟ್ಯಾಂಕೊಂದರ ಹಿಂದಿನಿಂದ ಹಾದುಹೋಗುತ್ತವೆ. ಆ ಟ್ಯಾಂಕಿನ ಕೃಪೆಯಿಂದ ದಿಕ್ಕು ಮತ್ತು ಕೋನದ ವೇಗವನ್ನು ಮುಂದೆ ಲೆಕ್ಕಹಾಕಲು ಸಾಧ್ಯವಾಯಿತು. ಅವು ಎರಡು ಜೆಟ್ ವಿಮಾನಗಳ ಮೇಲಿನ ಬಿಸಿಲಿನ ಪ್ರತಿಫಲನವೇ ಅಲ್ಲವೇ ಎಂಬ ವಾದ ಮುಗಿಯದಿದ್ದರೂ ಆ ವಾದ ಅಂಕಿಗಳ ಮೇಲೆ ನಡೆಯಿತು.

ಫಿಲ್ಮ್ ಎಂಬ ದಸ್ತಾವೇಜು

'ಹಾರುವ ತಟ್ಟೆ' ಎಂಬ ಮಾತು ಹುಟ್ಟಿದ್ದು 1947ರ ಜೂನ್ ತಿಂಗಳಲ್ಲಿ. ಖಾಸಗಿ ವಿಮಾನ ಚಾಲಕ ಕೆನೆತ್ ಆರ್ನಾಲ್ಡ್ ಅಮೆರಿಕದ ರೇನಿಯರ್ ಪರ್ವತದ ಬಳಿ ಒಂಬತ್ತು ವಸ್ತುಗಳನ್ನು ಕಂಡುದಾಗಿ ಹೇಳಿದ ಮೇಲೆ ಪತ್ರಿಕೆಗಳು ಆ ಹೆಸರನ್ನು ಪ್ರಚಾರಕ್ಕೆ ತಂದವು. ಮೂರು ವರ್ಷ ಕಳೆಯುವಷ್ಟರಲ್ಲಿ, 1950ರ ಮೇ ತಿಂಗಳಲ್ಲಿ, ಒರೆಗಾನ್ ರಾಜ್ಯದ ಮ್ಯಾಕ್‌ಮಿನ್‌ವಿಲ್ ಬಳಿಯ ರೈತ ಪಾಲ್ ಟ್ರೆಂಟ್ ತಮ್ಮ ಸಾಧಾರಣ ಕ್ಯಾಮೆರಾದಲ್ಲಿ ಎರಡು ಚಿತ್ರ ತೆಗೆದರು. ಅವು ಲೋಕಪ್ರಸಿದ್ಧವಾದವು.

ಆ ಚಿತ್ರಗಳ ಕತೆಯಲ್ಲಿ ಗಮನಿಸಬೇಕಾದದ್ದು ಅವುಗಳ ನೆಗೆಟಿವ್ ಉಳಿದುಕೊಂಡಿತ್ತು ಎಂಬುದು. ಹಲವು ವರ್ಷಗಳ ನಂತರ ಕೊಲರಾಡೊ ವಿಶ್ವವಿದ್ಯಾಲಯದ ಅಧ್ಯಯನಕ್ಕಾಗಿ ಖಗೋಳ ವಿಜ್ಞಾನಿ ವಿಲಿಯಂ ಹಾರ್ಟ್‌ಮನ್ ಅದನ್ನು ಪರೀಕ್ಷಿಸಿದರು. ದೂರದ ಬೆಟ್ಟ ಹತ್ತಿರದ ಮರಕ್ಕಿಂತ ಮಸುಕಾಗಿ ಕಾಣುವಂತೆ, ವಸ್ತುವಿನ ನೆರಳಿನ ಭಾಗ ಎಷ್ಟು ಮಸುಕಾಗಿದೆ ಎಂಬುದರಿಂದ ಅದರ ದೂರವನ್ನು ಅಂದಾಜು ಮಾಡಬಹುದು. ಆ ಲೆಕ್ಕದ ಪ್ರಕಾರ ವಸ್ತು ದೂರದಲ್ಲಿತ್ತು. ಮಸೂರದ ಮೇಲೆ ಕೊಳೆ ಇದ್ದರೂ ಅಂಥದೇ ಮಸುಕು ಉಂಟಾಗುತ್ತದೆ, ವಸ್ತು ಮೇಲಿನ ತಂತಿಗೆ ತೂಗುಹಾಕಿದ ಸಣ್ಣ ಮಾದರಿಯೂ ಆಗಿರಬಹುದು ಎಂದು ಸಂಶಯವಾದಿಗಳು ಬಳಿಕ ವಾದಿಸಿದರು. ಗೋಡೆಯ ಮೇಲಿನ ನೆರಳನ್ನು ನೋಡಿ, ಚಿತ್ರ ತೆಗೆದದ್ದು ಸಂಜೆಯೋ ಬೆಳಿಗ್ಗೆಯೋ ಎಂಬ ಪ್ರಶ್ನೆಯನ್ನೂ ಎತ್ತಿದರು. ಯಾರ ವಾದ ಸರಿ ಎಂಬುದು ಬೇರೆ ಮಾತು. ದಶಕಗಳ ಮೇಲೂ ಇಬ್ಬರಿಗೂ ಕೈಯಲ್ಲಿ ಹಿಡಿದು ಅಳೆಯಲು ಒಂದು ಮೂಲವಸ್ತು ಇತ್ತು.

ನೆಗೆಟಿವ್ ಎಂದರೆ ಬೆಳಕು ತಾನೇ ಬರೆದುಹೋದ ದಸ್ತಾವೇಜು. ಹಿಂದಿನ ಮುಂದಿನ ಚೌಕಟ್ಟುಗಳು ಒಂದೇ ಸುರುಳಿಯಲ್ಲಿ ಸಾಲಾಗಿರುತ್ತವೆ. ನಡುವೆ ಕತ್ತರಿಸಿದರೆ ಗುರುತು ಉಳಿಯುತ್ತದೆ. ಫಿಲ್ಮಿನಲ್ಲೂ ಮೋಸ ಸಾಧ್ಯ. ತಂತಿಗೆ ತಟ್ಟೆ ತೂಗುಹಾಕಿದರೆ ಫಿಲ್ಮು ಅದನ್ನೂ ನಿಷ್ಠೆಯಿಂದಲೇ ದಾಖಲಿಸುತ್ತದೆ. ಆದರೆ ಕ್ಯಾಮೆರಾ ಸ್ವತಃ ಏನನ್ನೂ ಸೇರಿಸುವುದಿಲ್ಲ.

ಕ್ಯಾಮೆರಾವೇ ಸೃಷ್ಟಿಸುವ ವಿಚಿತ್ರಗಳು

ಕ್ಯಾಮೆರಾ ಬುದ್ಧಿವಂತವಾದಂತೆಲ್ಲ ಈ ಭರವಸೆ ಕಡಿಮೆಯಾಗುತ್ತ ಬಂತು. 1991ರ ಜುಲೈ 11ರಂದು ಮೆಕ್ಸಿಕೋ ನಗರದಲ್ಲಿ ಪೂರ್ಣ ಸೂರ್ಯಗ್ರಹಣ. ಮನೆಮನೆಗೆ ವಿಡಿಯೋ ಕ್ಯಾಮೆರಾ ಬರುತ್ತಿದ್ದ ಕಾಲ. ಕತ್ತಲಾದ ಆಕಾಶದಲ್ಲಿ ಹೊಳೆಯುವ ವಸ್ತುವೊಂದನ್ನು ಅನೇಕರು ಚಿತ್ರಿಸಿದರು, ಅದು ತಟ್ಟೆಯೆಂದೇ ಪ್ರಚಾರವಾಯಿತು. ಅದು ಶುಕ್ರಗ್ರಹ ಎಂದು ಸ್ಥಾನದ ಲೆಕ್ಕ ಹಾಕಿದವರು ತೋರಿಸಿದರು. ಕತ್ತಲೆಯಲ್ಲಿ ಒಂದು ಬಿಂದುವಿನ ಮೇಲೆ ಫೋಕಸ್ ಹಿಡಿಯಲಾರದೆ ಸ್ವಯಂಚಾಲಿತ ಕ್ಯಾಮೆರಾ ಹಿಂದಕ್ಕೂ ಮುಂದಕ್ಕೂ ತಡಕಾಡುತ್ತದೆ. ಆಗ ಚುಕ್ಕೆ ಉಬ್ಬಿ ತಟ್ಟೆಯಾಗುತ್ತದೆ. ಉಬ್ಬಿದ ಚುಕ್ಕೆಗೆ ಬರುವುದು ಮಸೂರದ ಒಳಗಿನ ಬೆಳಕಿಂಡಿಯ ಆಕಾರ. ಎರಡೇ ಎಲೆಗಳ ಅಗ್ಗದ ಕಿಂಡಿಯಿದ್ದರೆ ಆಕಾಶದಲ್ಲಿ ವಜ್ರಾಕಾರದ 'ನೌಕೆ' ಮೂಡುತ್ತದೆ.

ಇದು ಹಳೆಯ ಕಾಲದ ತಪ್ಪು ಎಂದುಕೊಳ್ಳುವಂತಿಲ್ಲ. 2019ರಲ್ಲಿ ಅಮೆರಿಕದ ಯುದ್ಧನೌಕೆಯಿಂದ ತೆಗೆದ ತ್ರಿಕೋನಾಕೃತಿಯ ಮಿನುಗುವ ವಸ್ತುಗಳ ದೃಶ್ಯ ಜಗತ್ತಿನಾದ್ಯಂತ ಸುದ್ದಿಯಾಯಿತು. ಇರುಳುನೋಟದ ಉಪಕರಣದ ಮೂಲಕ ಹಾದ ಬೆಳಕನ್ನು ಮತ್ತೊಂದು ಕ್ಯಾಮೆರಾ ಹಿಡಿದದ್ದರಿಂದ ಆ ತ್ರಿಕೋನ ಮೂಡಿತು ಎಂದು 2022ರ ಮೇ ತಿಂಗಳಲ್ಲಿ ನೌಕಾದಳದ ಅಧಿಕಾರಿಗಳೇ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ತಿಳಿಸಿದರು. 1990ರ ದಶಕದಲ್ಲಿ 'ರಾಡ್' ಎಂದು ಹೆಸರಾದ, ರೆಕ್ಕೆಗಳ ಸಾಲಿರುವ ಕೋಲಿನಂಥ ಪ್ರಾಣಿಗಳದ್ದೂ ಇದೇ ಕತೆ. ಕ್ಯಾಮೆರಾದ ಎದುರು ಹಾರಿದ ಹುಳು, ಒಂದು ಚೌಕಟ್ಟು ದಾಖಲಾಗುವ ಅಷ್ಟು ಹೊತ್ತಿನಲ್ಲಿ ಹಲವು ಬಾರಿ ರೆಕ್ಕೆ ಬಡಿದು ಉದ್ದನೆಯ ಗೆರೆಯಾಗಿ ಕಾಣುತ್ತಿತ್ತು, ಅಷ್ಟೆ.

ಇಂದಿನ ಮೊಬೈಲ್ ಫೋನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ರಾತ್ರಿ ಚಿತ್ರಕ್ಕೆ ಅದು ಹಲವು ಚೌಕಟ್ಟುಗಳನ್ನು ಬೆರೆಸುತ್ತದೆ, ಕಾಳುಕಾಳಾಗಿ ಕಾಣುವುದನ್ನು ಒರೆಸಿ ನಯಮಾಡುತ್ತದೆ, ಅಂಚುಗಳನ್ನು ತಿದ್ದುತ್ತದೆ. ಬೇಕೆಂದೇ ಮಸುಕುಮಾಡಿದ ಚಂದ್ರನ ಚಿತ್ರವನ್ನು ತೋರಿಸಿದರೂ ಹೆಸರಾಂತ ಕಂಪನಿಯೊಂದರ ಫೋನ್ ಅದರಲ್ಲಿ ಇಲ್ಲದ ಕುಳಿಗಳನ್ನು ಸ್ಪಷ್ಟವಾಗಿ ಮೂಡಿಸಿದ್ದು 2023ರಲ್ಲಿ ಚರ್ಚೆಗೆ ಬಂತು. ಮದುವೆಯ ಫೋಟೋಗೆ ಈ ಸೌಕರ್ಯ ವರದಾನವೇ ಸರಿ. ಏನೆಂದು ಗೊತ್ತಿಲ್ಲದ ವಸ್ತುವಿನ ಚಿತ್ರದಲ್ಲಿ ಮಾತ್ರ, ಕಂಡದ್ದೆಷ್ಟು, ಯಂತ್ರ ಊಹಿಸಿದ್ದೆಷ್ಟು ಎಂದು ಬೇರ್ಪಡಿಸುವುದು ಯಾರಿಂದಲೂ ಆಗದು.

ಹಾಗಾದರೆ ಯಾವುದನ್ನು ಆರಿಸಬೇಕು?

ಮೊದಲ ಆಯ್ಕೆ 35 ಮಿಲಿಮೀಟರ್ ಫಿಲ್ಮಿನ, ಪೂರ್ತಿ ಯಾಂತ್ರಿಕ ಶಟರ್ ಇರುವ ಕ್ಯಾಮೆರಾ. 1976ರಿಂದ ಎರಡು ದಶಕ ತಯಾರಾದ ಪೆಂಟಾಕ್ಸ್ ಕೆ1000, 1977ರ ನಿಕಾನ್ ಎಫ್‌ಎಂ ಇಂಥವು. ಬ್ಯಾಟರಿ ಬೇಕಾಗುವುದು ಬೆಳಕುಮಾಪಕಕ್ಕೆ ಮಾತ್ರ. ಅದಿಲ್ಲದೆಯೂ ಶಟರ್ ತೆರೆದು ಮುಚ್ಚುತ್ತದೆ. 50 ಮಿಲಿಮೀಟರ್ ಮಸೂರ, ಅನಂತಕ್ಕೆ ತಿರುಗಿಸಿಟ್ಟ ಫೋಕಸ್, 400 ವೇಗದ ಫಿಲ್ಮ್ ಮತ್ತು ಗಟ್ಟಿಯಾದ ಮುಕ್ಕಾಲಿ, ಇಷ್ಟಿದ್ದರೆ ಸಾಕು. ಶಟರನ್ನು ಬೇಕಾದಷ್ಟು ಹೊತ್ತು ತೆರೆದಿಡುವ 'ಬಿ' ಎಂಬ ಗುರುತು ಇಲ್ಲಿ ಬಹಳ ಉಪಯುಕ್ತ. ಭೂಮಿ ತಿರುಗುವುದರಿಂದ ನಕ್ಷತ್ರವಾಗಲಿ ಗ್ರಹವಾಗಲಿ ಎರಡು ನಿಮಿಷದಲ್ಲಿ ಸುಮಾರು ಚಂದ್ರನ ಅಗಲದಷ್ಟು ಸರಿದು ಗೆರೆ ಎಳೆಯುತ್ತದೆ. 'ನಿಂತಲ್ಲೇ ನಿಂತ' ಬೆಳಕು ಸುತ್ತಲಿನ ನಕ್ಷತ್ರಗಳ ಜತೆಜತೆಗೆ ಸರಿದಿದ್ದರೆ ಅರ್ಧ ಒಗಟು ಅಲ್ಲೇ ಬಿಡಿಸಿದಂತೆ. ವಿಮಾನವಾದರೆ ಅದರ ಮಿನುಗುದೀಪ ಗೆರೆಯ ಮೇಲೆ ಚುಕ್ಕಿ ಇಡುತ್ತ ಹೋಗುತ್ತದೆ.

ಚಲನೆಯನ್ನೇ ಹಿಡಿಯಬೇಕೆನ್ನುವವರಿಗೆ ಕೀಲಿಕೊಟ್ಟು ನಡೆಸುವ 16 ಮಿಲಿಮೀಟರ್ ಕ್ಯಾಮೆರಾಗಳಿವೆ. ಬೆಲ್ ಅಂಡ್ ಹೊವೆಲ್ ಕಂಪನಿಯ ಫಿಲ್ಮೊ ಬಂದದ್ದು 1923ರಲ್ಲಿ, ಸ್ವಿಟ್ಜರ್ಲೆಂಡಿನ ಬೊಲೆಕ್ಸ್ ಎಚ್16 ಬಂದದ್ದು 1935ರಲ್ಲಿ. ಒಂದು ಸಲ ಕೀಲಿ ಕೊಟ್ಟರೆ ಅರ್ಧ ನಿಮಿಷದ ಆಸುಪಾಸು ಓಡುತ್ತವೆ. 1965ರಲ್ಲಿ ಬಂದ ಸೂಪರ್ 8 ಹಗುರ ಮತ್ತು ಸುಲಭ. ಅದರ ಫಿಲ್ಮ್ ಇಂದಿಗೂ ಸಿಗುತ್ತದೆ. ಆದರೆ ಚೌಕಟ್ಟಿನ ಅಗಲ ಆರು ಮಿಲಿಮೀಟರಿಗೂ ಕಡಿಮೆ, ಮಸೂರ ಬಹುತೇಕ ಜೂಮ್. ಸೆಕೆಂಡಿಗೆ 18 ಚೌಕಟ್ಟಿನಂತೆ ಒಂದು ಪೆಟ್ಟಿಗೆ ಮೂರು ನಿಮಿಷ ಚಿಲ್ಲರೆ ಬರುತ್ತದೆ. ಗಂಟೆಗಟ್ಟಲೆ ಆಕಾಶ ಕಾಯುವ ಕೆಲಸಕ್ಕೆ ಇದು ದುಬಾರಿ ಬಾಬತ್ತು. ಅಂಥ ಕಡೆ 1989ರ ನಂತರದ ಹೈ8 ಅಥವಾ 1995ರ ನಂತರದ ಮಿನಿ ಡಿವಿ ಟೇಪಿನ ವಿಡಿಯೋ ಕ್ಯಾಮೆರಾ ಅನುಕೂಲ. ಕೈಯಿಂದ ಫೋಕಸ್ ಮಾಡುವ ಸೌಲಭ್ಯ ಇರುವುದನ್ನೇ ಆರಿಸಬೇಕು, ಡಿಜಿಟಲ್ ಜೂಮನ್ನು ಮುಚ್ಚಿಡಬೇಕು.

ಹಳೆಯದು ಎಂದ ಮಾತ್ರಕ್ಕೆ ಕೊಂಡುಬಿಡುವಂತಿಲ್ಲ. ಕರಾವಳಿ, ಮಲೆನಾಡಿನಂಥ ತೇವದ ಊರುಗಳಲ್ಲಿ ಇಟ್ಟ ಮಸೂರದೊಳಗೆ ಬೂಸ್ಟು ಹಬ್ಬಿರುತ್ತದೆ. ದೀಪಕ್ಕೆ ಅಡ್ಡ ಹಿಡಿದು ನೋಡಿದರೆ ಜೇಡರಬಲೆಯಂತೆ ಕಾಣುತ್ತದೆ. ಅಂಥ ಮಸೂರ ಪ್ರತಿ ಬೆಳಕಿನ ಸುತ್ತಲೂ ಪ್ರಭಾವಳಿ ಕಟ್ಟುತ್ತದೆ. ಹಿಂಬದಿಯ ಬಾಗಿಲಿನ ಸ್ಪಂಜು ಸವೆದಿದ್ದರೆ ಒಳನುಗ್ಗಿದ ಬೆಳಕು ಫಿಲ್ಮಿನ ಮೇಲೆ 'ಉಲ್ಕೆ' ಬರೆಯುತ್ತದೆ. 1960-70ರ ದಶಕದ ಎಷ್ಟೋ ಬೆಳಕುಮಾಪಕಗಳಿಗೆ ಬೇಕಾದ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ. ಮಸೂರದ ಮುಂದೆ ಗಾಜಿನ ಫಿಲ್ಟರ್ ಇದ್ದರೆ ಬೀದಿದೀಪದ ಪ್ರತಿಬಿಂಬ ಆಕಾಶದಲ್ಲಿ ತೇಲುವಂತೆ ಕಾಣುತ್ತದಾದ್ದರಿಂದ ಅದನ್ನು ಕಳಚಿಡುವುದು ಮೇಲು. ಕೊಂಡ ಕ್ಯಾಮೆರಾದಿಂದ ಮೊದಲು ತೆಗೆಯಬೇಕಾದದ್ದು ಚಂದ್ರನ ಚಿತ್ರ. ಅದೇ ಮುಂದಿನ ಎಲ್ಲ ಚಿತ್ರಗಳಿಗೂ ಅಳತೆಗೋಲು.

ಎರಡು ಕಣ್ಣು, ಒಂದು ಜಾಲರಿ

ಎಷ್ಟೇ ಒಳ್ಳೆಯದಾದರೂ ಒಂದೇ ಕ್ಯಾಮೆರಾ ದೂರವನ್ನು ಹೇಳದು. ಕೆಲವು ಕಿಲೋಮೀಟರ್ ಅಂತರದಲ್ಲಿ ಎರಡು ಕ್ಯಾಮೆರಾ ಇದ್ದು, ಎರಡೂ ಒಂದೇ ಕ್ಷಣದಲ್ಲಿ ಒಂದೇ ವಸ್ತುವನ್ನು ಹಿಡಿದರೆ ತ್ರಿಕೋನದ ಲೆಕ್ಕದಿಂದ ಎತ್ತರ, ಗಾತ್ರ, ವೇಗ ಎಲ್ಲವೂ ಹೊರಬೀಳುತ್ತವೆ. ನ್ಯೂ ಮೆಕ್ಸಿಕೋದ ಆಕಾಶದಲ್ಲಿ ಹಸಿರು ಬೆಂಕಿಯುಂಡೆಗಳು ಕಂಡವೆಂಬ ವರದಿಗಳ ಮೇಲೆ ಅಮೆರಿಕದ ವಾಯುದಳ 1950ರಲ್ಲಿ 'ಟ್ವಿಂಕಲ್' ಎಂಬ ಯೋಜನೆ ಹೂಡಿ, ಪ್ರತಿ ಚೌಕಟ್ಟಿನಲ್ಲೂ ದಿಕ್ಕು ಮತ್ತು ಎತ್ತರದ ಕೋನಗಳನ್ನು ದಾಖಲಿಸುವ ಅಸ್ಕೇನಿಯಾ ಕ್ಯಾಮೆರಾಗಳನ್ನು ನಿಲ್ಲಿಸಿತು. ವಾಯುದಳದ ತನಿಖೆಯ ಮುಖ್ಯಸ್ಥರಾಗಿದ್ದ ಎಡ್ವರ್ಡ್ ರಪ್ಪೆಲ್ಟ್ 1956ರ ತಮ್ಮ ಪುಸ್ತಕದಲ್ಲಿ ಬರೆದಂತೆ, ಒಮ್ಮೆ ಎರಡು ಠಾಣೆಗಳೂ ಚಿತ್ರ ತೆಗೆದವು. ತೊಳೆದು ನೋಡಿದರೆ ಎರಡೂ ಬೇರೆ ಬೇರೆ ವಸ್ತುಗಳು!

ಅದೇ ವಿಧಾನವನ್ನು ಸಹನೆಯಿಂದ ಅನುಸರಿಸಿದ ಉಲ್ಕಾವಿಜ್ಞಾನಿಗಳು ಗೆದ್ದರು. ಹಾರ್ವರ್ಡ್‌ನ ಫ್ರೆಡ್ ವಿಪ್ಪಲ್ 1936ರಲ್ಲಿ ಎರಡು ಠಾಣೆಗಳ ಉಲ್ಕಾ ಛಾಯಾಗ್ರಹಣ ಆರಂಭಿಸಿದರು. ಮಸೂರದ ಮುಂದೆ ತಿರುಗುವ ರೆಕ್ಕೆ ಉಲ್ಕೆಯ ಗೆರೆಯನ್ನು ತುಂಡುತುಂಡು ಮಾಡುತ್ತಿತ್ತು. ತುಂಡುಗಳ ಉದ್ದದಿಂದ ವೇಗ ತಿಳಿಯುತ್ತಿತ್ತು. 1959ರ ಏಪ್ರಿಲ್ 7ರಂದು ಚೆಕೊಸ್ಲೊವಾಕಿಯಾದ ಇಂಥ ಕ್ಯಾಮೆರಾಗಳು ಒಂದು ದೊಡ್ಡ ಬೆಂಕಿಯುಂಡೆಯನ್ನು ಹಿಡಿದವು. ಜ್ಡೆನೆಕ್ ಸೆಪ್ಲೆಕಾ ಮತ್ತು ಸಂಗಡಿಗರು ಲೆಕ್ಕ ಹಾಕಿ, ಅದು ಸೂರ್ಯನನ್ನು ಸುತ್ತುತ್ತಿದ್ದ ಕಕ್ಷೆಯನ್ನೂ ಅದರ ತುಣುಕುಗಳು ಬಿದ್ದ ಪ್ರದೇಶವನ್ನೂ ಗುರುತಿಸಿದರು. ಪ್ರೀಬ್ರಾಮ್ ಊರಿನ ಬಳಿ ಆ ಕಲ್ಲುಗಳು ಸಿಕ್ಕವು. ಛಾಯಾಚಿತ್ರಗಳ ಬಲದಿಂದ ಕಕ್ಷೆ ತಿಳಿದ ಮೊದಲ ಉಲ್ಕಾಶಿಲೆ ಅದು.

ಬೆಳಕಿನ ಮೂಲ ಯಾವುದೆಂದು ತಿಳಿಯಲು ಇನ್ನೊಂದು ಅಗ್ಗದ ಸಾಧನ ಉಂಟು. ಸೂಕ್ಷ್ಮ ಗೆರೆಗಳನ್ನು ಕೊರೆದ ಪಾರದರ್ಶಕ ಹಾಳೆಯನ್ನು, ಅಂದರೆ ವಿವರ್ತನ ಜಾಲರಿಯನ್ನು ಮಸೂರದ ಮುಂದಿಟ್ಟರೆ ಬೆಳಕು ಕಾಮನಬಿಲ್ಲಿನಂತೆ ಒಡೆಯುತ್ತದೆ. ಗ್ರಹದ ಬೆಳಕಾದರೆ ಅಖಂಡ ಪಟ್ಟಿ, ಕಡಿಮೆ ಒತ್ತಡದ ಸೋಡಿಯಂ ದೀಪವಾದರೆ ಬಹುಮಟ್ಟಿಗೆ ಒಂದೇ ಹಳದಿ ಗೆರೆ. 1950ರ ದಶಕದಲ್ಲಿ ಅಮೆರಿಕದ ವಾಯುದಳ ಜಾಲರಿ ಜೋಡಿಸಿದ ಸುಮಾರು ನೂರು ಕ್ಯಾಮೆರಾಗಳನ್ನು ನೆಲೆಗಳಿಗೆ ಹಂಚಿದರೂ ಪ್ರಯೋಜನವಾಗಲಿಲ್ಲ. ನಾರ್ವೆಯ ಹೆಸ್‌ಡಾಲೆನ್ ಕಣಿವೆಯಲ್ಲಿ 1981ರಿಂದ ಕಾಣತೊಡಗಿದ ಬೆಳಕುಗಳ ಅಧ್ಯಯನಕ್ಕೆ 1984ರ ಚಳಿಗಾಲದಲ್ಲಿ ಬಂದ ತಂಡ ಜಾಲರಿಯ ಕ್ಯಾಮೆರಾದ ಜತೆಗೆ ರಾಡಾರ್, ಕಾಂತಮಾಪಕ ಮುಂತಾದವನ್ನೂ ತಂದಿತು. 1998ರಲ್ಲಿ ಅಲ್ಲಿ ಸ್ವಯಂಚಾಲಿತ ಠಾಣೆಯೂ ಆಯಿತು. ಆ ಬೆಳಕಿನ ಒಗಟು ಪೂರ್ತಿ ಬಿಡಿಸಿಲ್ಲ. ಆದರೆ ಚರ್ಚೆ ನಡೆಯುತ್ತಿರುವುದು ವಿಜ್ಞಾನದ ಅಂಗಳದಲ್ಲಿ.

ಸಾಕ್ಷಿಯ ಯೋಗ್ಯತೆ

ಇಷ್ಟೆಲ್ಲ ಪಾಡು ಯಾಕೆ, ಹಾರುವ ತಟ್ಟೆ ಹವ್ಯಾಸಿಗಳ ಹುಚ್ಚಲ್ಲವೇ ಎಂದು ಕೇಳಬಹುದು. ನಮ್ಮ ದೇಶದ ಗಡಿಯಲ್ಲೇ ಇದಕ್ಕೆ ಉತ್ತರವಿದೆ. 2012ರ ಆಗಸ್ಟ್‌ನಿಂದ 2013ರ ಫೆಬ್ರುವರಿವರೆಗೆ ಲಡಾಖ್‌ನಲ್ಲಿ ಭಾರತೀಯ ಸೈನಿಕರು 329 ಬಾರಿ ಅಪರಿಚಿತ ಬೆಳಕುಗಳನ್ನು ಕಂಡುದಾಗಿ ವರದಿಮಾಡಿದರು. ಚೀನಾದ ಬೇಹುಗಾರಿಕೆ ವಿಮಾನಗಳಿರಬಹುದು ಎಂಬ ಶಂಕೆ. ಸೇನೆ ನೆರವು ಕೇಳಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯನ್ನು. ಅಲ್ಲಿನ ಖಗೋಳ ವಿಜ್ಞಾನಿಗಳು ಪರಿಶೀಲಿಸಿ, ಅವು ಗುರು ಮತ್ತು ಶುಕ್ರ ಗ್ರಹಗಳು ಎಂದು ತಿಳಿಸಿದರು. ಎರಡು ಸೇನೆಗಳು ಮುಖಾಮುಖಿಯಾಗಿ ನಿಂತ ಜಾಗದಲ್ಲಿ ಒಂದು ಬೆಳಕನ್ನು ತಪ್ಪಾಗಿ ಓದುವುದು ಹುಡುಗಾಟದ ಮಾತಲ್ಲ.

ಅಮೆರಿಕದ ವಾಯುದಳದ 'ಬ್ಲೂ ಬುಕ್' ಯೋಜನೆ 1969ರಲ್ಲಿ ಮುಚ್ಚಿದಾಗ 12,618 ವರದಿಗಳಲ್ಲಿ 701 ಗುರುತು ಸಿಗದೆ ಉಳಿದಿದ್ದವು. ಅಲ್ಲಿಂದ ಅರ್ಧ ಶತಮಾನ ಕಳೆದ ಮೇಲೆ, 2023ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ನೇಮಿಸಿದ್ದ ಸ್ವತಂತ್ರ ತಜ್ಞರ ತಂಡ ವರದಿ ಕೊಟ್ಟಿತು. ಉಪಕರಣಗಳನ್ನು ಅಳತೆಗೆ ಹೊಂದಿಸಿಲ್ಲ, ಹಲವು ಕಡೆಯಿಂದ ಅಳೆದಿಲ್ಲ, ಚಿತ್ರ ಹೇಗೆ ತೆಗೆದದ್ದು ಎಂಬ ವಿವರಗಳಿಲ್ಲ, ಆದ್ದರಿಂದ ತೀರ್ಮಾನ ಕಷ್ಟ ಎಂಬುದು ಅದರ ಸಾರ. ಇದು ಟ್ರಿಮಾಂಟನ್ನಿನ ಕಾಲದ ಕೊರತೆಯೇ.

ಹಳೆಯ ಕ್ಯಾಮೆರಾ ಈ ಕೊರತೆಯನ್ನು ತಾನಾಗಿ ತುಂಬಿಕೊಡುವುದಿಲ್ಲ. ದಿನಾಂಕ, ವೇಳೆ, ಸ್ಥಳ, ದಿಕ್ಕು, ಮಸೂರ, ಶಟರ್ ವೇಗ, ಇವನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದಿಡುವ ಕೆಲಸ ಕ್ಯಾಮೆರಾ ಹಿಡಿದವರದೇ. ನ್ಯಾಯಾಲಯದಲ್ಲಿ ಒಳ್ಳೆಯ ಸಾಕ್ಷಿ ಎಂದರೆ ಕಂಡಷ್ಟನ್ನೇ ಹೇಳುವವನು; ಅಡ್ಡಪ್ರಶ್ನೆಗೆ ಅಂಜದವನು. ಆಕಾಶದತ್ತ ತಿರುಗಿಸುವ ಕ್ಯಾಮೆರಾವನ್ನು ಆರಿಸುವಾಗಲೂ, ಅದು ಎಷ್ಟು ಹೊಸದು, ಎಷ್ಟು ದೊಡ್ಡದಾಗಿ ತೋರಿಸುತ್ತದೆ ಎಂದು ಕೇಳುವ ಮೊದಲು ಈ ಯೋಗ್ಯತೆ ಅದಕ್ಕಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.